ಮೊದಲ ಟ್ಯಾರೋ ಕಟ್ಟನ್ನು ಬಿಡಿಸಿದ ಕೈ: ಪಮೇಲಾ ಕೋಲ್ಮನ್ ಸ್ಮಿತ್

ಟ್ಯಾರೋ ಕಲಿಯಬೇಕೆಂದು ಹೊರಟವರು ಮೊದಲು ಬಿಡಿಸಿಕೊಳ್ಳಬೇಕಾದ ಒಗಟು ಅಂಗಡಿಯಲ್ಲಿಯೇ ಕಾದಿರುತ್ತದೆ. ಬೆಕ್ಕುಗಳ ಚಿತ್ರವಿರುವ ಕಟ್ಟು, ದೇವದೂತರ ಕಟ್ಟು, ಮರಗಿಡಗಳ ಕಟ್ಟು, ಕಪ್ಪು ಅಂಚಿಗೆ ಹೊನ್ನಿನ ರೇಖೆ ಎಳೆದ ಕಟ್ಟು. ಇಷ್ಟೊಂದರಲ್ಲಿ ಯಾವುದನ್ನು ಕೈಗೆತ್ತಿಕೊಳ್ಳುವುದು? ಬಲ್ಲವರನ್ನು ಕೇಳಿದರೆ ಬಹುಪಾಲು ಮಂದಿ ಒಂದೇ ಹೆಸರು ಹೇಳುತ್ತಾರೆ: ರೈಡರ್-ವೇಟ್. ಹಳದಿ ಡಬ್ಬಿಯಲ್ಲಿ ಸಿಗುವ, 1909ರಷ್ಟು ಹಳೆಯ ಚಿತ್ರಗಳ ಆ ಕಟ್ಟಿನಿಂದಲೇ ಆರಂಭಿಸಿ ಎಂಬುದು ಈ ವಿದ್ಯೆಯ ಬಳಗದಲ್ಲಿ ಹೆಚ್ಚುಕಡಿಮೆ ಸರ್ವಸಮ್ಮತವಾದ ಸಲಹೆ.

ಈ ಹೆಸರಿನಲ್ಲಿ ರೈಡರ್ ಎಂದರೆ ಪ್ರಕಾಶಕ. ವೇಟ್ ಎಂದರೆ ಆ ಕಟ್ಟನ್ನು ಬರೆಯಿಸಿದ ವಿದ್ವಾಂಸ. ಎಪ್ಪತ್ತೆಂಟು ಎಲೆಗಳಲ್ಲಿ ಒಂದೊಂದನ್ನೂ ತನ್ನ ಕೈಯಿಂದ ಬಿಡಿಸಿದ ಕಲಾವಿದೆಯ ಹೆಸರು ಬಹುಕಾಲ ಡಬ್ಬಿಯ ಮೇಲೆ ಇರಲಿಲ್ಲ. ಆಕೆ ಪಮೇಲಾ ಕೋಲ್ಮನ್ ಸ್ಮಿತ್. ಹೊಸಬರಿಗೆ ಆ ಕಟ್ಟು ಏಕೆ ಒಗ್ಗುತ್ತದೆ ಎಂಬುದಕ್ಕೆ ಉತ್ತರ ವೇಟ್ ಬರೆದ ಪುಸ್ತಕಕ್ಕಿಂತ ಹೆಚ್ಚಾಗಿ ಈ ಹೆಣ್ಣುಮಗಳ ಬದುಕಿನಲ್ಲಿದೆ.

ಮೂರು ದೇಶಗಳ ಬಾಲ್ಯ

ಪಮೇಲಾ ಜನಿಸಿದ್ದು 1878ರ ಫೆಬ್ರವರಿ 16ರಂದು, ಲಂಡನ್ನಿನ ಪಿಮ್ಲಿಕೊ ಬಡಾವಣೆಯಲ್ಲಿ. ತಂದೆ ಚಾರ್ಲ್ಸ್ ಎಡ್ವರ್ಡ್ ಸ್ಮಿತ್ ನ್ಯೂಯಾರ್ಕಿನ ಬ್ರೂಕ್ಲಿನ್ ಮೂಲದ ವ್ಯಾಪಾರಿ. ತಾಯಿ ಕೊರಿನ್ ಕೋಲ್ಮನ್, ಅಮೆರಿಕದ ಹೆಸರಾಂತ ಭೂದೃಶ್ಯ ಚಿತ್ರಕಾರ ಸ್ಯಾಮ್ಯುಯೆಲ್ ಕೋಲ್ಮನ್ ಅವರ ಸಹೋದರಿ. ಒಬ್ಬಳೇ ಮಗಳು. ಮೊದಲ ಹತ್ತು ವರ್ಷ ಮ್ಯಾಂಚೆಸ್ಟರಿನಲ್ಲಿ ಕಳೆದವು. 1889ರಲ್ಲಿ ತಂದೆಗೆ ಜಮೈಕಾ ದ್ವೀಪದ ರೈಲುಮಾರ್ಗ ವಿಸ್ತರಿಸುತ್ತಿದ್ದ ಕಂಪನಿಯಲ್ಲಿ ಕೆಲಸ ದೊರೆತಾಗ ಕುಟುಂಬ ಕಿಂಗ್‌ಸ್ಟನ್‌ಗೆ ಹೊರಟಿತು.

ಜಮೈಕಾ ಆಕೆಯನ್ನು ರೂಪಿಸಿತು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಕಡಲು ದಾಟಿದ ಅನನ್ಸಿ ಎಂಬ ಜೇಡನ ಕಥೆಗಳು ಅಲ್ಲಿ ಮನೆಮನೆಯಲ್ಲಿಯೂ ಜೀವಂತವಾಗಿದ್ದವು. ಮೈಯಲ್ಲಿ ಬಲವಿಲ್ಲದಿದ್ದರೂ ಬುದ್ಧಿಯಿಂದ ಹುಲಿಯನ್ನೂ ಏಮಾರಿಸುವ ಜೇಡ ಆತ. ಈ ಕಥೆಗಳನ್ನು ಹುಡುಗಿ ಅವುಗಳದೇ ಆಡುಮಾತಿನಲ್ಲಿ, ಅದರ ರಾಗ ಏರಿಳಿತಗಳ ಸಹಿತ ಕಲಿತಳು. ಮುಂದೆ ಲಂಡನ್ನಿನ ಸಾಹಿತಿಗಳು ಬೆರಗಾಗಿ ಕೇಳಿದ್ದು ಇವೇ ಕಥೆಗಳನ್ನು.

1893ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಬ್ರೂಕ್ಲಿನ್ನಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಗುರುವಾಗಿ ದೊರೆತವರು ಆರ್ಥರ್ ವೆಸ್ಲಿ ಡೋ. ಜಪಾನಿನ ಮರದಚ್ಚಿನ ಚಿತ್ರಗಳ ಆರಾಧಕರಾಗಿದ್ದ ಡೋ, ನೆರಳು-ಬೆಳಕಿನ ಸೂಕ್ಷ್ಮಗಳಿಗಿಂತ ಗಟ್ಟಿಯಾದ ಹೊರರೇಖೆ, ಸಪಾಟಾದ ಬಣ್ಣ, ಖಾಲಿ ಜಾಗದ ಹದ ಮುಖ್ಯವೆಂದು ಕಲಿಸುತ್ತಿದ್ದವರು. ರೈಡರ್-ವೇಟ್ ಕಟ್ಟಿನ ಯಾವುದೇ ಎಲೆಯನ್ನು ಎತ್ತಿ ನೋಡಿದರೂ ಈ ಪಾಠ ಕಣ್ಣಿಗೆ ಕಾಣುತ್ತದೆ. ಕಪ್ಪು ರೇಖೆ, ಅದರೊಳಗೆ ಒಂದೇ ಮಟ್ಟದ ಬಣ್ಣ, ಹಿನ್ನೆಲೆಯಲ್ಲಿ ಬರಿದಾದ ಆಕಾಶ. ಅಂಗೈಯಗಲದ ಎಲೆಯೂ ತೋಳಳತೆಯ ದೂರದಿಂದ ಸ್ಪಷ್ಟವಾಗಿ ಕಾಣುವುದು ಇದರಿಂದಲೇ.

1896ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಪಮೇಲಾ ಪದವಿ ಪಡೆಯದೆಯೇ ಪ್ರ್ಯಾಟ್ ಬಿಟ್ಟರು. 1899ರ ಹೊತ್ತಿಗೆ ಆಕೆಯ ಚಿತ್ರಗಳ ಪುಸ್ತಕಗಳು ನ್ಯೂಯಾರ್ಕಿನಲ್ಲಿ ಪ್ರಕಟವಾಗುತ್ತಿದ್ದವು. ಜಮೈಕಾದ ಕಥೆಗಳನ್ನು ತಾವೇ ಬರೆದು ಚಿತ್ರಿಸಿದ ‘ಅನನ್ಸಿ ಸ್ಟೋರೀಸ್’ ಅವುಗಳಲ್ಲೊಂದು. ಅದೇ ವರ್ಷದ ಕೊನೆಯಲ್ಲಿ ತಂದೆಯೂ ಇಲ್ಲವಾದರು. ಇಪ್ಪತ್ತೊಂದು ವರ್ಷದ ತರುಣಿಗೆ ಇನ್ನು ಕುಂಚವೊಂದೇ ಜೀವನೋಪಾಯ.

ರಂಗಭೂಮಿಯ ನಂಟು

ಲಂಡನ್ನಿನಲ್ಲಿ ಆಸರೆಯಾದದ್ದು ಲೈಸಿಯಂ ರಂಗಮಂದಿರದ ಬಳಗ. ಅಲ್ಲಿನ ಮಹಾನಟ ಹೆನ್ರಿ ಇರ್ವಿಂಗ್, ನಟಿ ಎಲೆನ್ ಟೆರಿ, ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಾಮ್ ಸ್ಟೋಕರ್. ಈ ಸ್ಟೋಕರ್ ಅವರೇ ‘ಡ್ರಾಕುಲಾ’ ಕಾದಂಬರಿಯ ಕರ್ತೃ. ಕುಳ್ಳಗಿನ, ಚುರುಕಿನ, ಬಣ್ಣಬಣ್ಣದ ಉಡುಗೆ ತೊಟ್ಟು ಓಡಾಡುತ್ತಿದ್ದ ಹುಡುಗಿಗೆ ಎಲೆನ್ ಟೆರಿ ಇಟ್ಟ ಅಡ್ಡಹೆಸರು ‘ಪಿಕ್ಸಿ’, ಎಂದರೆ ಕಿನ್ನರಿ. ಕೊನೆಯವರೆಗೂ ಆಪ್ತರ ನಡುವೆ ಆ ಹೆಸರೇ ಉಳಿಯಿತು. ತಂಡದೊಡನೆ ಪಮೇಲಾ ಊರೂರು ತಿರುಗಿದರು, ಉಡುಪು ಮತ್ತು ರಂಗಸಜ್ಜಿಕೆಯ ಕೆಲಸ ಮಾಡಿದರು. ರಟ್ಟಿನ ಗೊಂಬೆಗಳ ಪುಟ್ಟ ರಂಗಮಂದಿರಗಳನ್ನು ಕಟ್ಟುವುದು ಬಾಲ್ಯದಿಂದ ಬಂದ ಗೀಳಾಗಿತ್ತು.

ಟ್ಯಾರೋ ಎಲೆಗಳಿಗೆ ಈ ನಂಟಿನ ಋಣ ಸಣ್ಣದಲ್ಲ. ಹಲವು ಎಲೆಗಳಲ್ಲಿ ಮುಂಭಾಗದಲ್ಲಿ ವೇದಿಕೆಯಂಥ ಸಮತಟ್ಟು ನೆಲ, ಅದರಾಚೆ ಒಂದು ಅಡ್ಡಗೆರೆ, ಗೆರೆಯ ಹಿಂದೆ ಪರದೆಯ ಮೇಲೆ ಬರೆದಂಥ ಬೆಟ್ಟ, ಕಡಲು, ಊರು. ಎರಡು ನಾಣ್ಯಗಳನ್ನು ಆಡಿಸುತ್ತ ಕುಣಿಯುವ ಯುವಕನ ಹಿಂದೆ ಅಲೆಗಳ ಮೇಲೆ ಹಡಗುಗಳು ಏರಿಳಿಯುವ ಎಲೆಯನ್ನು ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಆಕೆಯ ಮನುಷ್ಯಾಕೃತಿಗಳು ನಟರಂತೆ ನಿಲ್ಲುತ್ತವೆ. ಮುಖಭಾವಕ್ಕಿಂತ ಹೆಚ್ಚಾಗಿ ಭುಜದ ಬಾಗು, ಕೈಯ ಚಾಚು ಅವುಗಳ ಮನಸ್ಸನ್ನು ಹೇಳುತ್ತವೆ.

1901ರಲ್ಲಿ ಲಂಡನ್ನಿನಲ್ಲಿ ಸ್ವಂತ ಸ್ಟುಡಿಯೊ ತೆರೆದು ವಾರಕ್ಕೊಂದು ಸಂಜೆ ಗೆಳೆಯರನ್ನು ಕರೆಯತೊಡಗಿದರು. ನೆಲದ ಮೇಲೆ ಕುಳಿತು ಜಮೈಕಾದ ಆಡುಮಾತಿನಲ್ಲಿ ಅನನ್ಸಿಯ ಕಥೆ ಹೇಳುತ್ತಿದ್ದರು. ಕೆಂಪು ದ್ರಾಕ್ಷಾರಸಕ್ಕೆ ಲೆಮನೇಡ್ ಬೆರೆಸಿದ ಪಾನೀಯ ಅತಿಥಿಗಳಿಗೆ. ಮುಂದೆ ಮಕ್ಕಳ ಕಾದಂಬರಿಗಳಿಂದ ಹೆಸರಾದ ಆರ್ಥರ್ ರ‍್ಯಾನ್ಸಮ್ 1907ರ ತಮ್ಮ ಪುಸ್ತಕವೊಂದರಲ್ಲಿ ಈ ಸಂಜೆಗಳನ್ನು, ಹೆಸರು ಮರೆಮಾಡಿ, ಚಿತ್ರಿಸಿದ್ದಾರೆ.

ಕವಿ ಡಬ್ಲ್ಯು.ಬಿ. ಯೇಟ್ಸ್ ಮತ್ತು ಅವರ ಸಹೋದರ, ಚಿತ್ರಕಾರ ಜ್ಯಾಕ್ ಯೇಟ್ಸ್ ಇಬ್ಬರೂ ಆಪ್ತರು. ಜ್ಯಾಕ್ ಜೊತೆ 1902ರಲ್ಲಿ ‘ಎ ಬ್ರಾಡ್ ಶೀಟ್’ ಎಂಬ ಚಿತ್ರಪತ್ರಿಕೆಗೆ ದುಡಿದ ಪಮೇಲಾ, 1903ರಲ್ಲಿ ‘ದಿ ಗ್ರೀನ್ ಶೀಫ್’ ಎಂಬ ತಮ್ಮದೇ ಪತ್ರಿಕೆ ಆರಂಭಿಸಿದರು. ಕೈಯಿಂದಲೇ ಬಣ್ಣ ತುಂಬಿದ ಪುಟಗಳು. ಹದಿಮೂರು ಸಂಚಿಕೆಗಳ ನಂತರ 1904ರಲ್ಲಿ ಅದು ನಿಂತುಹೋಯಿತು. ಪ್ರತಿಭೆಗೆ ಕೊರತೆಯಿಲ್ಲ, ಗೆಳೆಯರಿಗೆ ಕೊರತೆಯಿಲ್ಲ, ಕೈಯಲ್ಲಿ ಕಾಸು ಮಾತ್ರ ನಿಲ್ಲದು. ಆಕೆಯ ಜೀವನದುದ್ದಕ್ಕೂ ನಡೆದುಬಂದ ಲೆಕ್ಕ ಇದೇ.

ನ್ಯೂಯಾರ್ಕಿನ ಗೋಡೆಯ ಮೇಲೆ

ಪಮೇಲಾ ಸಂಗೀತ ಕೇಳುತ್ತ ಚಿತ್ರ ಬರೆಯುತ್ತಿದ್ದರು. ಬೀಥೋವನ್, ಶೂಮನ್, ಡೆಬ್ಯುಸಿ ಅವರ ಸ್ವರಗಳು ಕಿವಿಗೆ ಬೀಳುತ್ತಿದ್ದಂತೆ ಕಣ್ಣಿನ ಮುಂದೆ ಆಕಾರಗಳು ಮೂಡುತ್ತಿದ್ದವು. ಸಂಗೀತ ನಿಂತರೆ ಕುಂಚವೂ ನಿಲ್ಲುತ್ತಿತ್ತು. ಈ ಚಿತ್ರಗಳನ್ನು ಮೆಚ್ಚಿದ ಅಮೆರಿಕದ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್, 1907ರ ಜನವರಿಯಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ 291ರಲ್ಲಿದ್ದ ತಮ್ಮ ಗ್ಯಾಲರಿಯಲ್ಲಿ ಅವುಗಳ ಪ್ರದರ್ಶನ ಏರ್ಪಡಿಸಿದರು. ಅಲ್ಲಿಯವರೆಗೆ ಅಲ್ಲಿ ತೂಗಿದ್ದು ಛಾಯಾಚಿತ್ರಗಳು ಮಾತ್ರ. ರೊಡಾನ್, ಮತೀಸ್ ಮೊದಲಾದ ದಿಗ್ಗಜರ ಕೃತಿಗಳು ಅದೇ ಗೋಡೆಗೆ ಬಂದದ್ದು ಮರುವರ್ಷ, 1908ರಲ್ಲಿ. ಆಧುನಿಕ ಕಲೆಯ ಇತಿಹಾಸದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಆ ಗ್ಯಾಲರಿಯ ಬಾಗಿಲನ್ನು ಚಿತ್ರಕಲೆಗೆ ತೆರೆದವರು ಟ್ಯಾರೋ ಚಿತ್ರಿಸಿದ ಈ ಕಲಾವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಪ್ರದರ್ಶನಕ್ಕೆ ಜನ ಮುಗಿಬಿದ್ದರು. 1908 ಮತ್ತು 1909ರಲ್ಲಿಯೂ ಆಕೆಯ ಚಿತ್ರಗಳು ಅಲ್ಲಿ ಪ್ರದರ್ಶನಗೊಂಡವು. ಆದರೂ ಬದುಕಿಗೆ ಭದ್ರತೆ ಒದಗಲಿಲ್ಲ.

ಏಳು ತಿಂಗಳಲ್ಲಿ ಎಪ್ಪತ್ತೆಂಟು ಎಲೆ

1901ರಲ್ಲಿಯೇ, ಯೇಟ್ಸ್ ಅವರ ಮೂಲಕ, ಪಮೇಲಾ ಲಂಡನ್ನಿನ ‘ಗೋಲ್ಡನ್ ಡಾನ್’ ಎಂಬ ಗೂಢವಿದ್ಯಾ ಮಂಡಲಿಯನ್ನು ಸೇರಿದ್ದರು. 1888ರಲ್ಲಿ ಹುಟ್ಟಿದ ಈ ಮಂಡಲಿ ಕೆಲವೇ ವರ್ಷಗಳಲ್ಲಿ ಒಳಜಗಳಗಳಿಂದ ಒಡೆಯಿತು. 1903ರಲ್ಲಿ ಆರ್ಥರ್ ಎಡ್ವರ್ಡ್ ವೇಟ್ ಅದರ ಒಂದು ಶಾಖೆಯ ಮುಖಂಡರಾದಾಗ ಪಮೇಲಾ ಅವರೊಡನೆ ಉಳಿದರು. ವೇಟ್ ಕೂಡ ಹುಟ್ಟಿದ್ದು ಬ್ರೂಕ್ಲಿನ್ನಿನಲ್ಲಿಯೇ, 1857ರಲ್ಲಿ.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳಲೆಂದಲ್ಲ. 15ನೇ ಶತಮಾನದ ಉತ್ತರ ಇಟಲಿಯ ಶ್ರೀಮಂತರ ಮನೆಗಳಲ್ಲಿ ಅದೊಂದು ಇಸ್ಪೀಟಿನಂಥ ಆಟ. 18ನೇ ಶತಮಾನದ ಫ್ರಾನ್ಸಿನಲ್ಲಿ ಅದಕ್ಕೆ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವೆಂಬ ಕಥೆ ಅಂಟಿಕೊಂಡಿತು. ಅದಕ್ಕೆ ಆಧಾರವೇನೂ ಇರಲಿಲ್ಲ. ಕಟ್ಟಿನಲ್ಲಿ 78 ಎಲೆಗಳು. ಮೂರ್ಖ, ಚಕ್ರವರ್ತಿನಿ, ಸಾವು, ಸೂರ್ಯ ಮೊದಲಾದ 22 ‘ಮೇಜರ್ ಅರ್ಕಾನಾ’. ಉಳಿದ 56 ‘ಮೈನರ್ ಅರ್ಕಾನಾ’. ಆಟೀನು, ಇಸ್ಪೀಟುಗಳ ಬದಲಿಗೆ ಇಲ್ಲಿ ಕೋಲು, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಪಂಗಡಗಳು. ಹಳೆಯ ಕಟ್ಟುಗಳಲ್ಲಿ ಮೇಜರ್ ಎಲೆಗಳಿಗೂ ರಾಜ, ರಾಣಿ ಮುಂತಾದ ಮುಖದ ಎಲೆಗಳಿಗೂ ಮಾತ್ರ ಚಿತ್ರಗಳಿದ್ದವು. ಬಟ್ಟಲಿನ ಐದು ಎಂದರೆ ಐದು ಬಟ್ಟಲು, ಅಷ್ಟೆ. ಫ್ರಾನ್ಸಿನ ಮಾರ್ಸೇಲ್ ಮಾದರಿಯ ಕಟ್ಟುಗಳಲ್ಲಿ ಇಂದಿಗೂ ಹಾಗೆಯೇ.

ವೇಟ್ 1909ರಲ್ಲಿ ಹೊಸ ಕಟ್ಟಿನ ಕೆಲಸವನ್ನು ಪಮೇಲಾ ಅವರಿಗೆ ಒಪ್ಪಿಸಿದರು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆಕೆ ದುಡಿದರು. ಈ ಬಾರಿ ಎಣಿಕೆಯ ಎಲೆಗಳಿಗೂ ದೃಶ್ಯಗಳು ಬಂದವು. ಇದಕ್ಕೆ ಒಂದೇ ಒಂದು ಗಟ್ಟಿ ಪೂರ್ವನಿದರ್ಶನವಿತ್ತು: 15ನೇ ಶತಮಾನದ ಕೊನೆಯ ಸೋಲಾ ಬುಸ್ಕಾ ಎಂಬ ಇಟಲಿಯ ಕಟ್ಟು. ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಮೂರು ಖಡ್ಗ ಚುಚ್ಚಿದ ಹೃದಯ, ಹತ್ತು ಕೋಲುಗಳ ಹೊರೆ ಹೊತ್ತ ಮನುಷ್ಯ, ಈ ಎಲೆಗಳಲ್ಲಿ ಹಳೆಯ ಕಟ್ಟಿನ ಛಾಯೆ ನಿಚ್ಚಳವಾಗಿದೆ. ಆದರೆ ಬಹುತೇಕ ದೃಶ್ಯಗಳು ಆಕೆಯ ಕಲ್ಪನೆಯವೇ ಎಂದು ಈ ವಿಷಯ ಬಲ್ಲ ಅನೇಕರು ಒಪ್ಪುತ್ತಾರೆ. ವೇಟ್ ಅವರ ಗಮನವೆಲ್ಲ ಮೇಜರ್ ಎಲೆಗಳ ಮೇಲಿತ್ತು. ತಮ್ಮ ಆತ್ಮಕಥನದಲ್ಲಿ ಅವರು ಮಹಾಪೂಜಾರಿಣಿ, ಮೂರ್ಖ, ತೂಗುಬಿದ್ದ ಮನುಷ್ಯ ಎಂಬ ಮೂರು ಎಲೆಗಳ ವಿಷಯದಲ್ಲಿ ಕಲಾವಿದೆಗೆ ತಾವೇ ತುತ್ತು ಮಾಡಿ ಉಣಿಸಬೇಕಾಯಿತೆಂಬ ಧಾಟಿಯಲ್ಲಿ ಬರೆದಿದ್ದಾರೆ. 56 ಎಲೆಗಳ ಬಗೆಗೆ ಅಂಥ ದಾವೆ ಹೂಡಲಿಲ್ಲ.

ಹೊಸಬರ ಕಣ್ಣಿನಿಂದ ನೋಡಿದರೆ ಈ 56 ಎಲೆಗಳೇ ಕಟ್ಟಿನ ಬೆನ್ನೆಲುಬು. ನಾಣ್ಯದ ಐದರಲ್ಲಿ ಹಿಮ ಸುರಿಯುತ್ತಿದೆ. ದೀಪ ಬೆಳಗಿದ ಇಗರ್ಜಿಯ ಕಿಟಕಿಯ ಕೆಳಗೆ ಹರಕು ಬಟ್ಟೆಯ ಇಬ್ಬರು ಕುಂಟುತ್ತ ಸಾಗಿದ್ದಾರೆ, ಬಾಗಿಲೆಲ್ಲಿದೆಯೋ ಕಾಣದು. ಖಡ್ಗದ ಆರರಲ್ಲಿ ದೋಣಿಯೊಳಗೆ ಮುಸುಕು ಹೊದ್ದು ಕುಳಿತ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ಹುಟ್ಟು ಹಾಕುವ ಅಂಬಿಗ. ಖಡ್ಗದ ಒಂಬತ್ತರಲ್ಲಿ ನಡುರಾತ್ರಿ ಹಾಸಿಗೆಯಲ್ಲೆದ್ದು ಕುಳಿತು ಮುಖ ಮುಚ್ಚಿಕೊಂಡವಳು. ಆಕೆಯ ಹೊದಿಕೆಯ ತುಂಬ ಗುಲಾಬಿಗಳು ಮತ್ತು ರಾಶಿಚಿಹ್ನೆಗಳು. ಬಟ್ಟಲಿನ ಎಂಟರಲ್ಲಿ ಜೋಡಿಸಿಟ್ಟ ಬಟ್ಟಲುಗಳಿಗೆ ಬೆನ್ನು ಹಾಕಿ ಬೆಟ್ಟದತ್ತ ನಡೆದ ಒಬ್ಬಂಟಿ. ಪುಸ್ತಕ ತೆರೆಯದವರಿಗೂ ಇವು ಏನನ್ನೋ ಹೇಳುತ್ತವೆ. ಮಾರ್ಸೇಲ್ ಕಟ್ಟಿನ ಐದು ನಾಣ್ಯಗಳನ್ನು ನೋಡಿ ಅರ್ಥ ಹೇಳಬೇಕಾದರೆ ಮೊದಲು ಬಾಯಿಪಾಠ ಮಾಡಿರಬೇಕು. ನಾಳೆಯ ಸುದ್ದಿಯನ್ನು ಎಲೆಗಳು ಹೇಳುತ್ತವೆಂದು ನಂಬದವರೂ ಈ ಚಿತ್ರಗಳೆದುರು ಒಂದು ಗಳಿಗೆ ನಿಲ್ಲುತ್ತಾರೆ. ಕಥೆ ಹೇಳಿ ಅಭ್ಯಾಸವಾದ ಕೈ ಅದು.

ಕೆಲಸ ಮುಗಿದ ಮೇಲೆ, 1909ರ ನವೆಂಬರಿನಲ್ಲಿ, ಪಮೇಲಾ ಸ್ಟೀಗ್ಲಿಟ್ಸ್ ಅವರಿಗೆ ಪತ್ರ ಬರೆದರು. ದೊಡ್ಡದೊಂದು ಕೆಲಸ ಮುಗಿಸಿದ್ದೇನೆ, ಸಿಕ್ಕ ಹಣ ಮಾತ್ರ ಬಹಳ ಕಡಿಮೆ ಎಂಬುದು ಅದರ ತಾತ್ಪರ್ಯ. ಡಿಸೆಂಬರಿನಲ್ಲಿ ಲಂಡನ್ನಿನ ವಿಲಿಯಂ ರೈಡರ್ ಅಂಡ್ ಸನ್ ಸಂಸ್ಥೆ ಕಟ್ಟನ್ನು ಪ್ರಕಟಿಸಿತು. ಮುಂದೆ ಅದರ ಮಾರಾಟದಲ್ಲಿ ಆಕೆಗೆ ಪಾಲು ಬರಲಿಲ್ಲ. ಮೂಲ ಚಿತ್ರಗಳು ಎಲ್ಲಿ ಹೋದವೋ, ಇಂದಿಗೂ ಪತ್ತೆಯಿಲ್ಲ.

ಕಾರ್ನ್‌ವಾಲಿನ ದಿನಗಳು

ಟ್ಯಾರೋ ಆಕೆಯ ಬದುಕಿನಲ್ಲಿ ಏಳೇ ತಿಂಗಳ ಕೆಲಸ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಲಾವಿದರ ಕೂಟಕ್ಕೆ ಭಿತ್ತಿಚಿತ್ರಗಳನ್ನು ಮಾಡಿಕೊಟ್ಟರು. 1911ರಲ್ಲಿ ಸ್ಟೋಕರ್ ಅವರ ಕೊನೆಯ ಕಾದಂಬರಿಗೆ, 1913ರಲ್ಲಿ ರಷ್ಯಾದ ಬ್ಯಾಲೆ ಕುರಿತ ಎಲೆನ್ ಟೆರಿ ಅವರ ಪುಸ್ತಕಕ್ಕೆ ಚಿತ್ರ ಬರೆದರು. 1911ರಲ್ಲಿಯೇ ಇನ್ನೊಂದು ಘಟನೆ ನಡೆಯಿತು: ಪಮೇಲಾ ರೋಮನ್ ಕ್ಯಾಥೊಲಿಕ್ ಪಂಥ ಸ್ವೀಕರಿಸಿದರು. ಜಗತ್ತಿನ ಅತ್ಯಂತ ಪ್ರಸಿದ್ಧ ಟ್ಯಾರೋ ಚಿತ್ರಿಸಿದ ಕೈ ಎರಡೇ ವರ್ಷಗಳಲ್ಲಿ ಜಪಮಾಲೆ ಹಿಡಿಯಿತು.

ಮೊದಲ ಮಹಾಯುದ್ಧದ ನಂತರ ಬಂಧುವೊಬ್ಬರ ಆಸ್ತಿಯಿಂದ ಒಂದಿಷ್ಟು ಹಣ ಬಂತು. ಲಂಡನ್ ಬಿಟ್ಟು ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ಲಿಜರ್ಡ್‌ನಲ್ಲಿ ಮನೆ ಹಿಡಿದು, ಕ್ಯಾಥೊಲಿಕ್ ಪಾದ್ರಿಗಳು ಬಂದು ವಿಶ್ರಮಿಸುವ ತಂಗುದಾಣವಾಗಿ ಅದನ್ನು ನಡೆಸಿದರು. ಚಿತ್ರಗಳಿಗೆ ಬೇಡಿಕೆ ಕುಗ್ಗುತ್ತ ಹೋಯಿತು. ರಂಗಭೂಮಿಯ ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಅಳಿದರು. ಎಲೆನ್ ಟೆರಿ 1928ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳನ್ನು ಅದೇ ಪ್ರಾಂತದ ಬ್ಯೂಡ್ ಎಂಬ ಕಡಲತೀರದ ಊರಿನಲ್ಲಿ, ಬಹುಕಾಲದ ಸಂಗಾತಿ ನೋರಾ ಲೇಕ್ ಅವರೊಡನೆ ಕಳೆದ ಪಮೇಲಾ 1951ರ ಸೆಪ್ಟೆಂಬರ್ 18ರಂದು ನಿಧನರಾದರು. ವಯಸ್ಸು 73.

ಇದ್ದುದೆಲ್ಲವನ್ನೂ ನೋರಾ ಅವರಿಗೆ ಬಿಡಬೇಕೆಂದಿದ್ದರು. ಆದರೆ ಸಾಲ ಹೆಚ್ಚಿತ್ತು. ಮನೆಯ ಸಾಮಾನು, ಚಿತ್ರಗಳು ಹರಾಜಾದವು, ಬಂದ ಹಣ ಸಾಲಗಾರರ ಪಾಲಾಯಿತು. ಆಕೆಯನ್ನು ಹೂಳಿದ ಜಾಗ ಇಂಥದೇ ಎಂದು ಗುರುತಿಸುವ ಕಲ್ಲು ಇಲ್ಲ.

ಹೆಸರು ಮರಳಿದ ಬಗೆ

ಕಟ್ಟು ಜಗತ್ತನ್ನೆಲ್ಲ ಸುತ್ತಿದ್ದು ಆ ಬಳಿಕ. 1971ರಲ್ಲಿ ಅಮೆರಿಕದ ಯು.ಎಸ್. ಗೇಮ್ಸ್ ಸಿಸ್ಟಮ್ಸ್ ಸಂಸ್ಥೆ ಅದನ್ನು ಪ್ರಕಟಿಸತೊಡಗಿದ ಮೇಲೆ ಇಂಗ್ಲಿಷ್ ಬಲ್ಲ ಕಡೆಗಳಲ್ಲೆಲ್ಲ ಟ್ಯಾರೋ ಎಂದರೆ ಅದೇ ಎಂಬಂತಾಯಿತು. ಕಲಿಕೆಯ ಪುಸ್ತಕಗಳು ಅದೇ ಚಿತ್ರಗಳನ್ನು ಆಧರಿಸಿ ಬಂದವು. ಹೊಸ ಕಲಾವಿದರು ಅದೇ ದೃಶ್ಯಗಳನ್ನು ತಮ್ಮ ಶೈಲಿಯಲ್ಲಿ ಮರುಚಿತ್ರಿಸಿದರು. ಅಂಗಡಿಯ ಬೆಕ್ಕಿನ ಕಟ್ಟಿನಲ್ಲಿಯೂ ದೋಣಿಯಲ್ಲಿ ಕುಳಿತ ಮೂವರು ಕಾಣಿಸಿದರೆ ಅವರು ಪಮೇಲಾ ಅವರ ಮೂವರೇ.

ಹೆಸರು ಮಾತ್ರ ತಡವಾಗಿ ಬಂತು. ಸಂಶೋಧಕರು, ಅದರಲ್ಲಿಯೂ ಮಹಿಳೆಯರು, ರೈಡರ್ ಎಂಬುದನ್ನು ಕೈಬಿಟ್ಟು ‘ವೇಟ್-ಸ್ಮಿತ್’ ಎಂದೋ ಮೂರನ್ನೂ ಸೇರಿಸಿ ‘ರೈಡರ್-ವೇಟ್-ಸ್ಮಿತ್’ ಎಂದೋ ಬರೆಯತೊಡಗಿದರು. ಕಟ್ಟಿಗೆ ನೂರು ತುಂಬಿದ 2009ರಲ್ಲಿ ಯು.ಎಸ್. ಗೇಮ್ಸ್ ಆಕೆಯ ಹೆಸರಿನಲ್ಲಿಯೇ ಸ್ಮರಣಾರ್ಥ ಆವೃತ್ತಿ ಹೊರತಂದಿತು. 2018ರಲ್ಲಿ ವಿಸ್ತಾರವಾದ ಜೀವನಚರಿತ್ರೆ ಬಂತು. ಲೇಖಕರು ಮಡಿದು 70 ವರ್ಷವಾಗುವವರೆಗೆ ಹಕ್ಕುಸ್ವಾಮ್ಯ ನೀಡುವ ಬ್ರಿಟನ್ನಿನ ಕಾನೂನಿನಂತೆ 2021ರ ಕೊನೆಗೆ ಆಕೆಯ ಚಿತ್ರಗಳ ಹಕ್ಕು ಅಲ್ಲಿ ಮುಗಿಯಿತು. ಹಕ್ಕು ಇದ್ದಷ್ಟು ಕಾಲ ಅದರ ಲಾಭ ಕಂಡವರಲ್ಲಿ ಚಿತ್ರ ಬರೆದವರು ಇರಲಿಲ್ಲ.

ಮೊದಲ ಕಟ್ಟು ಕೊಳ್ಳುವವರ ಮುಂದೆ ಬೇರೆ ದಾರಿಗಳೂ ಇವೆ. ಮಾರ್ಸೇಲ್ ಕಟ್ಟಿಗೆ ಹಳೆಯ ಆಟದ ಗಾಂಭೀರ್ಯವಿದೆ. ಅಲೀಸ್ಟರ್ ಕ್ರೌಲಿಯ ಯೋಜನೆಯಂತೆ ಲೇಡಿ ಫ್ರೀಡಾ ಹ್ಯಾರಿಸ್ ಬಿಡಿಸಿದ ಥೋತ್ ಕಟ್ಟು ಅತ್ಯಂತ ಸುಂದರ, ಆದರೆ ಅದರ ಸಂಕೇತಗಳ ಕಾಡಿನಲ್ಲಿ ಹೊಸಬರು ದಾರಿ ತಪ್ಪುವುದೇ ಹೆಚ್ಚು. ಪುಸ್ತಕ ಒಂದು ಕಟ್ಟಿನದು, ಕೈಯಲ್ಲಿರುವ ಎಲೆಗಳು ಇನ್ನೊಂದರವು ಎಂದಾದರೆ ಗೊಂದಲ ತಪ್ಪದು: ಮಾರ್ಸೇಲ್ ಕಟ್ಟಿನಲ್ಲಿ ಎಂಟನೆಯದು ನ್ಯಾಯ, ಹನ್ನೊಂದನೆಯದು ಶಕ್ತಿ, ವೇಟ್ ಇವೆರಡರ ಸ್ಥಾನ ಅದಲುಬದಲು ಮಾಡಿದರು. ಮೊದಲ ಕಟ್ಟನ್ನು ತಾನೇ ಕೊಳ್ಳಬಾರದು, ಯಾರಾದರೂ ಉಡುಗೊರೆ ಕೊಡಬೇಕು ಎಂಬ ನಂಬಿಕೆಯೊಂದಿದೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಪಮೇಲಾ ಅವರ ಚಿತ್ರಗಳ ಕಟ್ಟನ್ನೇ ಆರಿಸಿಕೊಂಡವರು ಡಬ್ಬಿಯ ಮೇಲಿನ ಹೆಸರು ಓದಿದ ಬಳಿಕ ಎಲೆಗಳ ಕೆಳಭಾಗವನ್ನೂ ಒಮ್ಮೆ ಗಮನಿಸಬಹುದು. ಹುಲ್ಲಿನ ನಡುವೆಯೋ ಕಲ್ಲಿನ ಬದಿಯಲ್ಲೋ ಪುಟ್ಟದೊಂದು ಗುರುತು ಇರುತ್ತದೆ. ಪಿ, ಸಿ, ಎಸ್ ಎಂಬ ಮೂರು ಅಕ್ಷರಗಳು ಹಾವಿನಂತೆ ಒಂದಕ್ಕೊಂದು ಹೆಣೆದುಕೊಂಡಿವೆ.